ಅಪ್‌ಡೇಟ್: ಮಳೆಗೆ ವಾಲಿದ್ದ ಪಾಯಿಮರ ನೆಟ್ಟಗಾಯ್ತು

ಜೂನ್‌ನಲ್ಲಿ ಕೇಳಿದ್ದೆ, ಮಡಿಕೇರಿ ಮಳೆ ಶುರುವಾದ್ಮೇಲೆ ನನ್ನ ಟ್ರಿಂಕೋಮಲಿ ಹಡಗಿನ ಮಾಡೆಲ್‌ನ ಮುಂದಿನ ಪಾಯಿಮರ (ಹಾಯಿ ಕಟ್ಟೋ ಕಂಬ) ಎಡಕ್ಕೆ ವಾಲ್ತಿದೆ, ಏನ್ ಮಾಡ್ಲಿ ಅಂತ. ಅಸಲಿ ಹಡಗು 1817ರಲ್ಲಿ ಬಾಂಬೆಯಲ್ಲಿ ಮಲಬಾರ್ ತೇಗದಲ್ಲಿ ಕಟ್ಟಿದ್ದು, ಈಗ್ಲೂ ಇಂಗ್ಲೆಂಡಿನ ಹಾರ್ಟ್‌ಲಿಪೂಲ್‌ನಲ್ಲಿದೆ, ಅದಕ್ಕೇ ನಂಗೆ ಅದ್ರ ಮೇಲೆ ಅಷ್ಟು ಪ್ರೀತಿ.

ನೀವೆಲ್ಲ ಹೇಳಿದ್ದೇ ಸರಿ, ತಪ್ಪು ಮರದ್ದಲ್ಲ, ದಾರದ್ದು. ಏಪ್ರಿಲ್ ಬಿಸಿಲಲ್ಲಿ ಹತ್ತಿ ದಾರ ಬಿಗಿಯಾಗಿ ಕಟ್ಟಿದ್ದೆ, ಅದು ಥಂಡಿ ಕುಡಿದು ಉಬ್ಬಿ ಗಿಡ್ಡ ಆಯ್ತು, ಅದ್ರ ಮೇಲೆ ಎಡಗಡೆ ಶ್ರೌಡ್ ಹಗ್ಗಗಳನ್ನೆಲ್ಲ (ಪಾಯಿಮರನ ಪಕ್ಕದಿಂದ ಎಳೆದು ಹಿಡಿಯೋ ಹಗ್ಗ) ಮೊದ್ಲೇ ಕಟ್ಟಿ ಮುಗಿಸಿದ್ರಿಂದ ಆ ಕಡೆನೇ ಎಳೆತ ಜಾಸ್ತಿ.

ಎರಡು ತಿಂಗಳ ಕೆಲ್ಸ ಕತ್ತರಿಸಿ ಹಾಕೋವಾಗ ಹೊಟ್ಟೆ ಉರೀತು, ಆದ್ರೂ ಬಿಚ್ಚಿದೆ. ಈ ಸಲ ಪಾಲಿಯೆಸ್ಟರ್ ದಾರ. ಪಕ್ಕದ ತೋಟದ ಅಣ್ಣ ಜೇನುಮೇಣದ ಉಂಡೆ ಕೊಟ್ರು, ದಾರನ ಅದ್ರ ಮೇಲೆ ಎರಡು ಸಲ ಎಳೆದು ಬೆರಳಲ್ಲಿ ಬಿಸಿ ಆಗೋವರೆಗೂ ತಿಕ್ಕಿದ್ರೆ ಎದ್ದಿರೋ ನವಿರೆಲ್ಲ ಕೂತ್ಕೊಂಡು ದಾರ ನಿಜವಾದ ಹಡಗಿನ ಹಗ್ಗದ ಥರಾನೇ ಕಾಣುತ್ತೆ, ಗಂಟೂ ಜಾರಲ್ಲ. ಬಲಕ್ಕೊಂದು ಜೋಡಿ, ಎಡಕ್ಕೊಂದು ಜೋಡಿ, ಪ್ರತಿ ಸಲ ಎದುರಿಂದ ನೋಡಿ ಪಾಯಿಮರ ನೆಟ್ಟಗಿದ್ರೆ ಮಾತ್ರ ಮುಂದಿನದು.

ಶ್ರೌಡ್‌ಗಳಿಗೆ ಅಡ್ಡಡ್ಡ ಕಟ್ಟೋ ಏಣಿ ಮೆಟ್ಟಿಲಿನ ದಾರಕ್ಕೆ ಗೆರೆ ಎಳೆದ ಕಾಗದ ಹಿಂದೆ ಇಟ್ಕೊಂಡು ಕ್ಲೋವ್ ಹಿಚ್ ಅನ್ನೋ ಗಂಟು ಹಾಕಿದೆ, ಜೋರಾಗಿ ಎಳೀಬೇಡಿ, ಶ್ರೌಡ್ ಒಳಕ್ಕೆ ಬಾಗಿ ಸೊಂಟದ ಥರ ಆಗ್ಬಿಡುತ್ತೆ, ನಂಗೆ ಮೊದಲ ನಾಲ್ಕು ಸಾಲು ಹಂಗೇ ಆಗಿ ಮತ್ತೆ ಕಟ್ಟಿದೆ.

ಈಗ ಪುತ್ತರಿನೂ ಮುಗೀತು, ಹವೆ ಒಣಗಿದೆ, ಒಂದು ದಾರನೂ ಸಡಿಲ ಆಗಿಲ್ಲ. ತುಂಬಾ ಥ್ಯಾಂಕ್ಸ್ ಎಲ್ರಿಗೂ, ನಾಳೆಯಿಂದ ನಡುವಿನ ಪಾಯಿಮರ.