ಥಾಯ್ಲೆಂಡಿನ ಬೇಸಿಗೆ ರಜೆಯಲ್ಲಿ ಚೀಲ ಬೆನ್ನಿಗೇರಿಸಿ ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ: ಹೋಗಿ ಬಂದವರು ಅನುಭವ ಹೇಳಿ

ಅಥಣಿಯ ಶಿಕ್ಷಕಿ (ಪ್ರಶ್ನೆ): ನಾನು ಥಾಯ್ಲೆಂಡಿನ ಖೊನ್ ಕೇನ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿದರೆ ತೆರೆಯುವುದು ಮೇ ನಡುವಿನಲ್ಲಿ. ಈ ಸಲ ಊರಿಗೆ ಬರದೆ, ನಾಂಗ್ ಖಾಯ್ ಸೇತುವೆ ದಾಟಿ ಲಾವೋಸ್, ಅಲ್ಲಿಂದ ವಿಯೆಟ್ನಾಂ, ಕಾಂಬೋಡಿಯಾ ನೋಡಿಕೊಂಡು ಹಿಂದಿರುಗುವ ವಿಚಾರವಿದೆ. ಸಸ್ಯಾಹಾರಿ, ಒಬ್ಬಳೇ ಹೊರಟಿದ್ದೇನೆ. ಯಾವುದಕ್ಕೆ ಮೊದಲೇ ಸಿದ್ಧತೆ ಬೇಕು, ದಯವಿಟ್ಟು ತಿಳಿಸಿ.

ಜಮಖಂಡಿಯ ಶಿಕ್ಷಕ: ಚೀಲದ ಮಾತು ಆಮೇಲೆ ಆಡೋಣ, ಮೊದಲು ಪಾಸ್‌ಪೋರ್ಟಿನಲ್ಲಿ ರೀ-ಎಂಟ್ರಿ ಪರ್ಮಿಟ್‌ನ, ಅಂದರೆ ಹೊರಹೋಗಿ ಅದೇ ವೀಸಾದ ಮೇಲೆ ಮರಳಿ ಬರುವ ಅನುಮತಿಯ, ಮುದ್ರೆ ಬೀಳಲಿ. ನಾನ್-ಬಿ ವೀಸಾದ (ಥಾಯ್ಲೆಂಡಿನಲ್ಲಿ ಕೆಲಸಕ್ಕೆಂದು ಕೊಡುವ ವೀಸಾ) ಮೇಲೆ ಕಲಿಸುವವರು ಅದಿಲ್ಲದೆ ಗಡಿ ದಾಟಿದರೆ, ಉಳಿದ ವಾಸದ ಅವಧಿಯೆಲ್ಲ ಅಲ್ಲಿಗೇ ರದ್ದಾಗುತ್ತದೆ. ವರ್ಕ್ ಪರ್ಮಿಟ್ ಕೈಯಲ್ಲಿದ್ದರೂ ಉಪಯೋಗವಿಲ್ಲ. ಹೊರಡುವ ಮೊದಲು ನಾನು ಶಾಲೆಯ ಕಚೇರಿಯವರನ್ನು ಎದುರಿಗೆ ನಿಂತು ಕೇಳಿದ್ದೆ. ‘ವರ್ಕ್ ಪರ್ಮಿಟ್ ಇದೆಯಲ್ಲ, ಅಷ್ಟು ಸಾಕು’ ಎಂದು ಹೇಳಿ ಕಳುಹಿಸಿದರು. ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್ ನೋಡಿಕೊಂಡು ತಿರುಗಿ ಬಂದಾಗ, ಸೇತುವೆಯ ಅಧಿಕಾರಿ ನನ್ನ ವೀಸಾ ಇದ್ದ ಹಾಳೆಯ ಮೇಲೆ ಬೆರಳಿಟ್ಟು, ಮುಂದಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ, ಏನೂ ಹೇಳದೆ ಪಾಸ್‌ಪೋರ್ಟ್ ಹಿಂದಕ್ಕೆ ತಳ್ಳಿದರು. ಮರಳಿ ಲಾವೋಸ್‌ಗೆ ಹೋಗಲು ಗಡಿಯಲ್ಲಿ ಮತ್ತೊಮ್ಮೆ ವೀಸಾ ಶುಲ್ಕ ಕಟ್ಟಬೇಕಾಯಿತು. ಅದೂ ಡಾಲರಿನಲ್ಲಿ, ಮಡಿಕೆ ಬಿದ್ದ ನೋಟನ್ನು ಅವರು ಮುಟ್ಟಲಿಲ್ಲ. ಹೊಸ ನಾನ್-ಬಿಗೆ 2,000 ಬಾತ್ ಶುಲ್ಕ ಮತ್ತು ಶಾಲೆಯ ಪತ್ರ ಬೇಕು. ಪತ್ರಕ್ಕೆ ಸಹಿ ಹಾಕುವವರು ರಜೆಯ ಮೇಲೆ. ಅಷ್ಟರಲ್ಲಿ ಏಪ್ರಿಲ್ 13ರ ಸಾಂಗ್‌ಕ್ರಾನ್, ಅಂದರೆ ಥಾಯ್ ಹೊಸ ವರ್ಷ, ಬಂತು, ಅದೇ ಹೊತ್ತಿಗೆ ಲಾವೋಸ್‌ನವರಿಗೂ ಹೊಸ ವರ್ಷ. ಎರಡೂ ದೇಶಗಳ ಕಚೇರಿಗಳಿಗೆ ಬೀಗ. ತಂಗುವ ಕೋಣೆಯ ಬಾಡಿಗೆ ಮಾತ್ರ ದಿನದಿನವೂ ಏರುತ್ತಿತ್ತು. ಇದೆಲ್ಲ ತಪ್ಪುತ್ತಿದ್ದದ್ದು 1,000 ಬಾತಿನ ಒಂದು ಮುದ್ರೆಯಿಂದ. ಆ ಕಚೇರಿಯವರು ಇಂದಿಗೂ ಒಂದು ಕ್ಷಮೆಯ ಮಾತು ಆಡಿಲ್ಲ.

ವಿಜಯಪುರದ ಶಿಕ್ಷಕಿ: ನಾನು ಥಾಯ್ಲೆಂಡಿನ ಉದೋನ್ ಥಾನಿಯಲ್ಲಿದ್ದಾಗ ಇದೇ ದಾರಿಯಲ್ಲಿ ಒಬ್ಬಳೇ ಹೋಗಿ ಬಂದಿದ್ದೇನೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಲಾವೋಸ್‌ನ ರೈಲು 2021ರ ಡಿಸೆಂಬರಿನಲ್ಲಿ ಆರಂಭವಾದ ಮೇಲೆ ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡು ತಾಸಿನ ಆಸುಪಾಸಿನ ಹಾದಿ. ನಿಜವಾದ ತೊಂದರೆ ಅದರಾಚೆ ಇದೆ. ವಿಯೆಟ್ನಾಂನ ಇ-ವೀಸಾ ಅರ್ಜಿಯಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ ಎಂಬುದನ್ನು ನಮೂದಿಸಬೇಕು. ನಾನು ಲಾವೋಸ್ ಕಡೆಯ ಕಾವ್ ಟ್ರೆಯೋ (Cau Treo) ಗಡಿ ಎಂದು ನಮೂದಿಸಿದ್ದೆ. ಟಿಕೆಟ್ ಮಾರಿದ ಏಜೆಂಟನೂ ಅದನ್ನೇ ಹೇಳಿದ್ದ. ಬಸ್ಸು ಹೋದದ್ದು ಬೇರೆ ಗಡಿಗೆ. ಗುಡ್ಡದ ಮೇಲಿನ ಆ ಚೆಕ್‌ಪೋಸ್ಟಿನಲ್ಲಿ, ಬೆಳಗಿನ ಚಳಿಯಲ್ಲಿ, ನನ್ನ ಚೀಲವನ್ನು ಕೆಳಗಿಳಿಸಿ ಬಸ್ಸು ಮುಂದಕ್ಕೆ ನಡೆಯಿತು. ಟಿಕೆಟ್ಟಿನ ಹಣವೂ ಹೋಯಿತು, 25 ಡಾಲರಿನ ವೀಸಾವೂ ಹೋಯಿತು. ಊಟದ ಚಿಂತೆ ಅಷ್ಟಿಲ್ಲ: ಥಾಯ್ಲೆಂಡಿನಲ್ಲಿ ‘ಜೇ’ ಎಂದು ಹಳದಿ ಬಾವುಟ ಕಟ್ಟಿದ ಅಂಗಡಿ, ವಿಯೆಟ್ನಾಂನಲ್ಲಿ ‘ಚಾಯ್’ ಎಂದು ಬರೆದ ಅಂಗಡಿ ಹುಡುಕಿದರಾಯಿತು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅಲ್ಲಿಯವರೂ ಅನೇಕರು ಮಾಂಸ ಬಿಡುವುದರಿಂದ ಅಂದು ಅಂಗಡಿ ತುಂಬಿರುತ್ತದೆ. ಬೇರೆ ಕಡೆ ಬರೀ ತರಕಾರಿ ಎಂದು ಕೊಟ್ಟದ್ದರಲ್ಲೂ ಮೀನಿನ ರಸ ಬಿದ್ದಿರಬಹುದು. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆ, ಆ ಗಡಿಯಲ್ಲಿ ಹೊಟ್ಟೆ ತುಂಬಿಸಿದ್ದು ಅವೇ.

ಬೆಳಗಾವಿಯ ಶಿಕ್ಷಕ: ಎಲ್ಲರೂ ತಿರುಗಾಟದ ದಾರಿ ಹೇಳುತ್ತಿದ್ದೀರಿ, ಸಂಬಳದ ಮಾತನ್ನು ಒಬ್ಬರೂ ಎತ್ತಲಿಲ್ಲ. ನನ್ನದು ಹತ್ತು ತಿಂಗಳ ಒಪ್ಪಂದ, ಏಪ್ರಿಲ್‌ನಲ್ಲಿ ಒಂದು ಬಾತ್ ಕೂಡ ಕೈಗೆ ಬರುತ್ತಿರಲಿಲ್ಲ. ಆದ್ದರಿಂದ ಪ್ರತಿ ರಜೆಯಲ್ಲೂ ಬ್ಯಾಂಕಾಕ್‌ನಿಂದ ಬೆಂಗಳೂರು, ಅಲ್ಲಿಂದ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮನೆ ಸೇರಿದ್ದೇನೆ. ಹಾಗೆ ಉಳಿಸಿದ ಹಣದಿಂದಲೇ ನಮ್ಮ ಮನೆಯ ಸಾಲ ತೀರಿತು, ತಂದೆಯವರ ಕೊನೆಯ ವರ್ಷಗಳಲ್ಲಿ ಅವರ ಹತ್ತಿರ ಕುಳಿತು ಮಾತನಾಡುವುದಕ್ಕೂ ಆಯಿತು. ಪರದೇಶದ ಗುಡ್ಡದ ಮೇಲೆ ಒಬ್ಬರೇ ರೊಟ್ಟಿ ತಿಂದುದನ್ನು ಹೆಮ್ಮೆ ಎನ್ನುವುದು ನನಗೆ ಸರಿಕಾಣುವುದಿಲ್ಲ.

ವಿಜಯಪುರದ ಶಿಕ್ಷಕಿ: ಸರ್, ನೀವು ತಂದೆಯವರನ್ನು ನೋಡಿಕೊಂಡದ್ದಕ್ಕೆ ಗೌರವವಿದೆ. ಆದರೆ ಹೆಣ್ಣುಮಗಳು ತಾನು ದುಡಿದ ಹಣದಲ್ಲಿ ಲೋಕ ನೋಡಿದರೆ ಅದು ಮನೆ ಮರೆತಂತೆ ಎಂದು ನಿಮಗೆ ಹೇಳಿದವರು ಯಾರು? ನನ್ನ ತಮ್ಮನ ಓದಿನ ಫೀ ನಾನೇ ಕಟ್ಟಿದ್ದೇನೆ, ತಿರುಗಾಡಿಯೂ ಇದ್ದೇನೆ.

ಬಾದಾಮಿಯ ಶಿಕ್ಷಕ: ಜಗಳದ ನಡುವೆ ಕಾಂಬೋಡಿಯಾದ ಹಳೆಯ ಗುಡಿಗಳ ತಾಣ ಆಂಗ್‌ಕೋರ್ ಅನ್ನು ಯಾರೂ ನೆನೆಯಲಿಲ್ಲ. ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸನ್ನು ಹತ್ತು ದಿನಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದು. ಪಟ್ಟದಕಲ್ಲು ಇರುವಾಗ ಅಷ್ಟು ದುಡ್ಡೇಕೆ ಎಂದು ನನಗೂ ಊರವರು ಅಂದಿದ್ದರು. ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯವನ್ನು ಚಿಕ್ಕಂದಿನಿಂದ ನೋಡಿದವನಿಗೇ ಆಂಗ್‌ಕೋರ್ ವಾಟ್ ಹೆಚ್ಚು ಅರ್ಥವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ ಗುಡಿ ಅದು. ಪೂರ್ವದ ಗೋಡೆಯಲ್ಲಿ ಸಮುದ್ರಮಥನದ ಸಾಲು ಉದ್ದಕ್ಕೂ ಕೆತ್ತಿದ್ದಾರೆ. ವಾಸುಕಿಯನ್ನು ಹಿಡಿದ ಅಸುರರ ತೋಳುಗಳ ಮೇಲೆ, ಕೈಮುಟ್ಟಿದವರ ದೆಸೆಯಿಂದ, ಕಲ್ಲು ಮಿರಿಮಿರಿ ಕಪ್ಪಾಗಿದೆ. 967ರ ಬಾಂತೇ ಸ್ರೇಯಿ ಗುಡಿ ನೋಡದೆ ಬರಬೇಡಿ: ನಮ್ಮ ಬಾದಾಮಿಯ ಕೆಂಪು ಮರಳುಗಲ್ಲಿನ ಪಕ್ಕದಲ್ಲಿಟ್ಟು ನೋಡಬೇಕಾದ ಕಲ್ಲು ಅದು. ದೂರವಿರುವುದರಿಂದ ಟುಕ್‌ಟುಕ್‌ನವರು ಬೇರೆಯೇ ಬಾಡಿಗೆ ಕೇಳುತ್ತಾರೆ, ಏರುವ ಮೊದಲೇ ಮಾತಾಡಿಕೊಳ್ಳಿ.

ಬೆಳಗಾವಿಯ ಶಿಕ್ಷಕ: ಏಪ್ರಿಲ್ ಬಿಸಿಲಿನಲ್ಲಿ ಆ ಕಲ್ಲಿನ ಮೇಲೆ ನಿಲ್ಲಲು ಆಗುವುದಿಲ್ಲ ಎಂಬುದನ್ನೂ ಹೇಳಿ.

ವಿಜಯಪುರದ ಶಿಕ್ಷಕಿ: ವಿಜಯಪುರದವರಿಗೆ ಬಿಸಿಲಿನ ಪಾಠ ಬೇಕಾಗಿಲ್ಲ. ಅಲ್ಲಿ ಕಾಡುವುದು ಬಿಸಿಲಲ್ಲ, ಅಂಗಿ ಒಣಗಲು ಬಿಡದ ಬೆವರು. ಪ್ರಶ್ನೆ ಕೇಳಿದ ತಂಗಿ 3,800 ಬಾತಿನ, ಎಷ್ಟು ಸಲವಾದರೂ ಹೋಗಿ ಬರುವ ಪರ್ಮಿಟ್ಟನ್ನೇ ಮಾಡಿಸಿಕೊಳ್ಳಲಿ.

ಜಮಖಂಡಿಯ ಶಿಕ್ಷಕ: ಅಕ್ಕಾವರೇ, ಇದನ್ನು ನಾನು ಒಪ್ಪುವುದಿಲ್ಲ, ಇಲ್ಲದ ಖರ್ಚನ್ನು ತಲೆಗೆ ಕಟ್ಟಬೇಡಿ. ಅವರು ಥಾಯ್ಲೆಂಡಿನಿಂದ ಹೊರಬೀಳುವುದು ಒಂದು ಸಲ, ಒಳಗೆ ಬರುವುದು ಒಂದು ಸಲ. ಉಳಿದ ಗಡಿಗಳೆಲ್ಲ ಬೇರೆ ದೇಶಗಳವು. 1,000 ಬಾತಿನದೇ ಸಾಕು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ಪರ್ಮಿಟ್ ನಡೆಯುವುದು ಈಗಿರುವ ವಾಸದ ಅವಧಿ ಮುಗಿಯುವ ದಿನದವರೆಗೆ ಮಾತ್ರ. ಬೆಳಗಾವಿಯವರಂತೆ ಹತ್ತು ತಿಂಗಳ ಒಪ್ಪಂದವಿದ್ದು ಅವಧಿ ಮಾರ್ಚ್ ಕೊನೆಗೇ ಮುಗಿಯುವುದಾದರೆ, ಎಷ್ಟು ಬಾತ್ ಕೊಟ್ಟು ಮುದ್ರೆ ಒತ್ತಿಸಿದರೂ ಮೇ ತಿಂಗಳಲ್ಲಿ ಅದು ನಡೆಯುವುದಿಲ್ಲ. ಶಾಲೆಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬದೆ, ಪಾಸ್‌ಪೋರ್ಟಿನಲ್ಲಿರುವ ಆ ದಿನಾಂಕವನ್ನು ನೀವೇ ನೋಡಿ ಇಲ್ಲಿ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.