ಬಲೆಯಲ್ಲಿ ಎಕ್ಸ್ ಬರೆಯುವ ಜೇಡ ಯಾವುದು?

ಪ್ರಶ್ನೆ: ಮೇಡಂ, ನಾವು ಜಯನಗರದಲ್ಲಿರೋದು. ತಾರಸಿಯ ಕರಿಬೇವಿನ ಕುಂಡಕ್ಕೂ ಕಂಬಿಗೂ ನಡುವೆ ಜೇಡವೊಂದು ಬಲೆ ಕಟ್ಟಿದೆ. ಮೈಮೇಲೆ ಹಳದಿ, ಕಂದು ಪಟ್ಟೆ. ಬಲೆ ಮಧ್ಯೆ ಅಂಕುಡೊಂಕಾದ ಬಿಳಿ ಗೆರೆ. ಮೊದಲು ಪೂರ್ತಿ ಎಕ್ಸ್ ಇತ್ತು, ಈಗ ಎರಡೇ ಗೆರೆ. ಬೇರೆ ಜೇಡ ಬಂತಾ? ಪಕ್ಕದ ಮನೆಯವರು ಇದು ಕಾಡಲ್ಲಿರೋ ದೊಡ್ಡ ಜೇಡದ ಮರಿ ಅಂತಾರೆ. ಚಿಕ್ಕ ಮಕ್ಕಳಿದ್ದಾರೆ, ಔಷಧಿ ಹೊಡೆಸಲಾ?

ಉತ್ತರ: ಖಂಡಿತ ಬೇಡ. ಇದು ಸಹಿ ಜೇಡ, ಆರ್ಜಿಯೋಪಿ ಕುಲದ್ದು. ಹಿಡಿದು ಹಿಂಸಿಸಿದರಷ್ಟೇ ಕಚ್ಚೀತು, ಅದೂ ಅಪಾಯಕಾರಿಯಲ್ಲ.

ಗೆರೆ ಎಣಿಸಿ ಜೇಡ ಗುರುತಿಸೋಕೆ ಹೋಗಬೇಡಿ. ಇದು ಹಳೇ ಬಲೆ ತಿಂದು ಹೊಸದು ನೇಯುತ್ತಿರುತ್ತೆ. ಒಂದು ಸಲ ನಾಲ್ಕು ಗೆರೆ, ಮತ್ತೊಂದು ಸಲ ಎರಡು, ಕೆಲವೊಮ್ಮೆ ಒಂದೂ ಇಲ್ಲ. ಈ ಗೆರೆ ಯಾಕೆ ಅನ್ನೋ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಹುಳ ಸೆಳೆಯೋಕೆ ಅಂತ ಕೆಲವರು, ಹಕ್ಕಿಗಳು ಬಲೆ ಹರಿಯದಿರಲಿ ಅಂತ ಇನ್ನು ಕೆಲವರು. ಕೂತಿರೋ ಭಂಗಿ ನೋಡಿ: ತಲೆ ಕೆಳಗೆ, ಎಂಟು ಕಾಲು ಎರಡೆರಡಾಗಿ ಜೋಡಿಸಿ ಅದೇ ಒಂದು ಎಕ್ಸ್. ತಲೆಭಾಗದ ಮೇಲೆ ಬೆಳ್ಳಿಬಿಳಿ ರೋಮ, ಹೊಟ್ಟೆ ಚಪ್ಪಟೆ.

ನಿಮ್ಮ ನೆರೆಯವರು ಹೇಳಿದ್ದು ನೆಫಿಲಾ ಪಿಲಿಪೆಸ್ ಇರಬೇಕು. ಅದರ ಹೊಟ್ಟೆ ಉದ್ದ, ಕೊಳವೆಯಂತೆ. ಹೆಣ್ಣಿನ ಮೈಯೇ 3ರಿಂದ 5 ಸೆಂಟಿಮೀಟರ್. ಬಿಸಿಲು ಬಿದ್ದಾಗ ಬಲೆ ಹೊಂಬಣ್ಣಕ್ಕೆ ಹೊಳೆಯುತ್ತೆ.

ಪ್ರಶ್ನೆ: ಬಲೆಯ ಅಂಚಲ್ಲಿ ಕಂದು ಬಣ್ಣದ ಪುಟಾಣಿ ಜೇಡ ಒಂದಿದೆಯಲ್ಲ, ಅದು ಮರಿನಾ?

ಉತ್ತರ: ಗಂಡು ಇರಬೇಕು. ಮುಖದ ಮುಂದಿನ ಎರಡು ಪುಟ್ಟ ಕೈಗಳ ತುದಿ ಗುಂಡಗೆ ಉಬ್ಬಿದ್ದರೆ ಅನುಮಾನವೇ ಬೇಡ. ಪಾಪ, ಮಿಲನದ ನಂತರ ಹೆಣ್ಣಿಗೇ ಊಟವಾಗೋದೂ ಉಂಟು.

ಗುಂಪಿನ ಇನ್ನೊಬ್ಬ ಸದಸ್ಯರು: ಫೋಟೊ ನೋಡಿ ಜೀವಿ ಗುರುತಿಸೋ ಆ್ಯಪ್ ಇದನ್ನ ‘ಆರ್ಜಿಯೋಪಿ ಅನಸುಜಾ’ ಅಂತಿದೆ. ಹಾಗೇ ಬರೆದುಕೊಳ್ಳಬಹುದಾ ಮೇಡಂ?

ಉತ್ತರ: ನಮ್ಮ ಕೈತೋಟಗಳಲ್ಲಿ ಅನಸುಜಾ ಸಾಮಾನ್ಯ, ನಿಜ. ಆದರೆ ಪುಲ್ಚೆಲ್ಲಾ ಅನ್ನೋ ಪ್ರಭೇದವೂ ಎಕ್ಸ್ ಬರೆಯುತ್ತೆ, ಪಟ್ಟೆಗಳೂ ಹತ್ತಿರ ಹತ್ತಿರ. 1881ರಲ್ಲಿ ಪುಲ್ಚೆಲ್ಲಾ, 1887ರಲ್ಲಿ ಅನಸುಜಾ, ಎರಡನ್ನೂ ಹೆಸರಿಸಿದವರು ಸ್ವೀಡನ್ನಿನ ಜೇಡತಜ್ಞ ಥೊರೆಲ್ ಒಬ್ಬರೇ. ಖಚಿತವಾಗಬೇಕಾದರೆ ಬೆಳೆದ ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೆನ್ನಿನ ಫೋಟೊ ಒಂದರಿಂದ ಆಗೋ ಕೆಲಸವಲ್ಲ. ಸದ್ಯಕ್ಕೆ ‘ಆರ್ಜಿಯೋಪಿ’ ಅಂತಷ್ಟೇ ಬರೆದುಕೊಳ್ಳಿ. ಬಲೆಯ ಹಿಂದಿನಿಂದ ಹೊಟ್ಟೆಯಡಿಯ ಫೋಟೊ ಒಂದು ತೆಗೆದು ಇಲ್ಲಿಗೆ ಕಳಿಸಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದಿರಲಿ. ಬಲೆಗೆ ತಗುಲಿಸಬೇಡಿ, ಜೇಡ ಬಲೆಯನ್ನೇ ಅಲ್ಲಾಡಿಸೋಕೆ ಶುರುಮಾಡಿದರೆ ಫೋಟೊ ಬರೋಲ್ಲ.