ಸಹಾಯ ಬೇಕು: ಸ್ಪೀಕರ್ ಬೈ-ಆಂಪ್ ಮಾಡಿದರೆ ನಿಜಕ್ಕೂ ಲಾಭ ಇದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಯೋಚನೆಯಲ್ಲಿ ತಲೆ ಕೆಟ್ಟಿದೆ.

ನನ್ನ ಸ್ಪೀಕರ್‌ಗಳ ಹಿಂದೆ ಎರಡೆರಡು ಜೊತೆ ಟರ್ಮಿನಲ್ ಇವೆ. 7 ಚಾನೆಲ್ ರಿಸೀವರ್‌ನಲ್ಲಿ ಎರಡು ಚಾನೆಲ್ ಖಾಲಿ ಇದ್ದವು. ಸುಮ್ನೆ ಯಾಕೆ ಬಿಡಬೇಕು ಅಂತ ಬೈ-ಆಂಪ್ ಮಾಡಿದೆ, ಅಂದರೆ ಪ್ರತಿ ಸ್ಪೀಕರ್‌ನ ಬೇಸ್ ಭಾಗಕ್ಕೂ ಟ್ವೀಟರ್‌ಗೂ (ತೀಕ್ಷ್ಣ ಸ್ವರದ ಚಿಕ್ಕ ಸ್ಪೀಕರ್) ಬೇರೆ ಬೇರೆ ಆಂಪ್ ಚಾನೆಲ್ ಕೊಟ್ಟೆ. ಟರ್ಮಿನಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳನ್ನು ಮೊದಲೇ ತೆಗೆದಿದ್ದೇನೆ (ಅದನ್ನು ಮರೆತರೆ ಆಂಪ್ ಸುಟ್ಟುಹೋಗಬಹುದು, ಗೊತ್ತು). ಮೆನುವಿನಲ್ಲೂ ಬೈ-ಆಂಪ್ ಆಯ್ಕೆ ಮಾಡಿದ್ದೇನೆ.

ಮೊದಲ ದಿನ ಬೇಸ್ ಬಿಗಿಯಾಯಿತು ಅನ್ನಿಸಿತು. ಆಮೇಲೆ ಮೀಟರ್ ಇಟ್ಟು, ಎರಡೂ ರೀತಿಯಲ್ಲಿ ವಾಲ್ಯೂಮ್ ಸಮ ಮಾಡಿ ಕೇಳಿದೆ. ವ್ಯತ್ಯಾಸ ಮಾಯ! ವೈರ್ ಬದಲಿಸಲು ಐದು ನಿಮಿಷ ಬೇಕು, ಅಷ್ಟರಲ್ಲಿ ಕಿವಿ ಮರೆತುಬಿಡುತ್ತದೆ. ಅದೂ ಕಾರಣ ಇರಬಹುದು.

ನನ್ನ ಗೊಂದಲ ಇಷ್ಟು. ಸ್ಪೀಕರ್ ಒಳಗಿನ ಕ್ರಾಸೋವರ್ (ಬೇಸ್ ಮತ್ತು ಟ್ವೀಟರ್‌ಗೆ ಸಿಗ್ನಲ್ ಹಂಚುವ ಸರ್ಕ್ಯೂಟ್) ಹಾಗೇ ಇದೆ. ಎರಡೂ ಆಂಪ್‌ಗಳಿಗೆ ಪೂರ್ತಿ ಸಿಗ್ನಲ್ಲೇ ಹೋಗುತ್ತದೆ. ಟ್ವೀಟರ್ ಕಡೆಯ ಆಂಪ್ ಕರೆಂಟ್ ಕಡಿಮೆ ಕೊಡುತ್ತದೆ, ಸರಿ. ಆದರೆ ಬೇಸ್‌ನ ವೋಲ್ಟೇಜ್ ಅದರ ಮೇಲೂ ಬೀಳುತ್ತದೆ. ಹಾಗಾದರೆ ಕ್ಲಿಪ್ ಆಗುವ (ಆಂಪ್ ಮಿತಿ ಮೀರಿ ಧ್ವನಿ ಒಡೆಯುವ) ಮಟ್ಟ ಹೆಚ್ಚುಕಮ್ಮಿ ಮೊದಲಿನಷ್ಟೇ ಅಲ್ವಾ? ಮೇಲಾಗಿ ಎಲ್ಲಾ ಚಾನೆಲ್‌ಗೂ ಪವರ್ ಸಪ್ಲೈ ಒಂದೇ. ವ್ಯಾಟ್ ನಿಜವಾಗಿ ಎರಡರಷ್ಟಾದರೂ ಜಾಸ್ತಿಯಾಗುವುದು 3 ಡೆಸಿಬೆಲ್ ಮಾತ್ರ.

ಆಂಪ್‌ಗಿಂತ ಮುಂಚೆಯೇ ಸಿಗ್ನಲ್ ಭಾಗ ಮಾಡುವ ಆಕ್ಟಿವ್ ಕ್ರಾಸೋವರ್ ಹಾಕದೆ, ಹೀಗೆ ಒಂದೇ ರಿಸೀವರ್‌ನಿಂದ ಬೈ-ಆಂಪ್ ಮಾಡಿ, ವಾಲ್ಯೂಮ್ ಸಮ ಮಾಡಿದ ಮೇಲೂ ಯಾರಿಗಾದರೂ ವ್ಯತ್ಯಾಸ ಕೇಳಿಸಿದೆಯಾ? ಅಥವಾ ಪಟ್ಟಿ ವಾಪಸ್ ಹಾಕಿಬಿಡಲಾ?